ಬೇಲಿಯೊಳಗಿನ ಊರು ಯಾರದ್ದು?

ಅಪ್ಪ ಇಲ್ಲಿಗೆ ಬಂದಿದ್ದಾಗ ಕಾರಲ್ಲಿ ಕೂತು ಕೇಳಿದ ಒಂದು ಪ್ರಶ್ನೆ ಇವತ್ತಿಗೂ ನನ್ನ ತಲೆ ತಿನ್ನುತ್ತದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹ್ಯಾರೊಗೇಟ್‌ನಿಂದ ಸ್ಕಿಪ್ಟನ್ ಕಡೆಗೆ ಎ59 ರಸ್ತೆ ಹಿಡಿದರೆ, ಊರು ದಾಟಿದ ಸ್ವಲ್ಪ ಹೊತ್ತಿಗೆ ಬಲಗಡೆ ದಿಬ್ಬದ ಮೇಲೆ ದೊಡ್ಡ ದೊಡ್ಡ ಬಿಳಿ ಗುಂಡುಗಳು ಕಾಣಿಸುತ್ತವೆ. ಒಂದೆರಡಲ್ಲ, ಮೂವತ್ತಕ್ಕೂ ಜಾಸ್ತಿ. ಸುತ್ತ ಹಸಿರು ಹುಲ್ಲು, ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಗೋಡೆ, ಕುರಿಗಳು. ಸ್ಥಳೀಯರು ಇವುಗಳನ್ನು ಗಾಲ್ಫ್ ಬಾಲ್ ಅನ್ನುತ್ತಾರೆ. ಸ್ಕಿಪ್ಟನ್ ಆಚೆಯ ಆಸ್ಪತ್ರೆಗೆ ದಿನಾ ಓಡಾಡುವ ನನಗೆ ಅವು ಟ್ರಾಫಿಕ್ ಲೈಟಿನಷ್ಟೇ ಮಾಮೂಲಿ. ಅಪ್ಪನಿಗೆ ಹೊಸದು. ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಎಲ್ಲಿಗೆ ಹೋದರೂ ಮೊದಲು ಲೈನ್ ಎಲ್ಲಿಂದ ಬಂತು, ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಅಂತ ನೋಡುವ ಜಾತಿ. ಕಿಟಕಿ ಇಳಿಸಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಇದು ಯಾರದ್ದು?" ಅಂದರು.

"ಏರ್‌ಫೋರ್ಸ್‌ದು" ಅಂದೆ. ಬೋರ್ಡಲ್ಲಿ ಹಾಗೇ ಇದೆ. ಆರ್‌ಎಎಫ್ ಮೆನ್‌ವಿತ್ ಹಿಲ್, ಅಂದರೆ ರಾಯಲ್ ಏರ್‌ಫೋರ್ಸ್. ಅಪ್ಪ ಮತ್ತೆ ನೋಡಿದರು. "ರನ್‌ವೇ ಎಲ್ಲಿ?" ಇಲ್ಲ. "ವಿಮಾನ?" ಅದೂ ಇಲ್ಲ. ಕೊನೆಗೆ ಹೇಳಿದೆ, ಒಳಗೆ ಇರೋರು ಹೆಚ್ಚಿನವರು ಅಮೆರಿಕದವರು, ಆಕಾಶದಿಂದ ಬರುವ ಫೋನು, ಇಮೇಲು ಎಲ್ಲ ಕದ್ದು ಕೇಳುವ ಜಾಗ ಅಂತೆ ಅಂತ. ಕದ್ದು ಕೇಳುವ ವಿಷಯಕ್ಕೆ ಅವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಸರ್ಕಾರ ಅಂದಮೇಲೆ ಕೇಳುತ್ತೆ, ಅನ್ನುವ ಪೀಳಿಗೆ. ಅವರಿಗೆ ಹಿಡಿಸದ್ದು ಬೋರ್ಡು. "ಮನೆ ಒಬ್ಬರದ್ದು, ಮೀಟರ್ ಇನ್ನೊಬ್ಬರ ಹೆಸರಲ್ಲಿ. ನಾಳೆ ಏನಾದರೂ ಆದರೆ ಯಾರನ್ನ ಹಿಡೀತೀರಿ?" ಅಂದರು.

ಕೆಇಬಿ ಮನುಷ್ಯನ ಈ ಮಾತನ್ನು ಆಮೇಲೆ ಪಾರ್ಲಿಮೆಂಟಿನ ಚರ್ಚೆಗಳಲ್ಲಿ, ಕೋರ್ಟಿನ ವರದಿಗಳಲ್ಲಿ, ಬೇರೆ ಬೇರೆ ವೇಷದಲ್ಲಿ ಓದಿದ್ದೇನೆ. ಜಾಗ ಬ್ರಿಟನ್ನಿನದ್ದೇ. 1954ರಲ್ಲಿ ಇಲ್ಲಿನ ಯುದ್ಧ ಇಲಾಖೆ ಹುಲ್ಲುಗಾವಲು ಕೊಂಡು ಅಮೆರಿಕದ ಉಪಯೋಗಕ್ಕೆ ಬಿಟ್ಟುಕೊಟ್ಟಿತು. 1960ರಲ್ಲಿ ಅಮೆರಿಕದ ಸೈನ್ಯ ಇಲ್ಲಿ ಕೂತು ಸೋವಿಯತ್ ಕಡೆಯ ರೇಡಿಯೋ ಕೇಳಲು ಶುರು ಮಾಡಿತು. 1966ರಲ್ಲಿ ಅಮೆರಿಕದ ಎನ್‌ಎಸ್‌ಎ, ಅಂದರೆ ರಾಷ್ಟ್ರೀಯ ಭದ್ರತಾ ಸಂಸ್ಥೆ, ಇದನ್ನು ವಹಿಸಿಕೊಂಡಿತು. ಮೊದಲ ಬಿಳಿ ಗುಮ್ಮಟಗಳು ಎದ್ದದ್ದು 1970ರ ದಶಕದಲ್ಲಿ. ಆರ್‌ಎಎಫ್ ಅನ್ನುವ ಹೆಸರು ಬಂದದ್ದು ಮಾತ್ರ 1996ರಲ್ಲಿ! ಅಲ್ಲಿವರೆಗೂ ಬೋರ್ಡು ಇಷ್ಟು ಸಂಕೋಚ ಪಟ್ಟಿರಲಿಲ್ಲ. ಬ್ರಿಟಿಷ್ ಕಡೆಯಿಂದ ಅಲ್ಲಿರುವ ಅಧಿಕಾರಿ ಸ್ಕ್ವಾಡ್ರನ್ ಲೀಡರ್ ದರ್ಜೆಯವರು. ಬೇಲಿ ಕಾಯುವುದು ಬ್ರಿಟಿಷ್ ರಕ್ಷಣಾ ಇಲಾಖೆಯ ಪೊಲೀಸರು. ಒಂದು ಸಣ್ಣ ಊರೇ ಅದು. ಒಳಗೆ ಬೌಲಿಂಗ್ ಆಡುವ ಜಾಗ, ಬಾರು, ಅಂಗಡಿ ಎಲ್ಲ ಇವೆಯಂತೆ. ಜಿಸಿಎಚ್‌ಕ್ಯೂ ಅನ್ನುವ ಬ್ರಿಟಿಷ್ ಗುಪ್ತಚರ ಸಂಸ್ಥೆಯವರೂ ಅಲ್ಲಿ ಕೆಲಸ ಮಾಡುತ್ತಾರೆ, ನಿಜ. ಆದರೆ ಯಾರ ಮನೆಯಲ್ಲಿ ಯಾರು ನೆಂಟರು ಅನ್ನೋದರ ಬಗ್ಗೆ ಇಲ್ಲಿ ಯಾರಿಗೂ ಗೊಂದಲ ಇಲ್ಲ.

ಭಾನುವಾರ ಬೆಳಿಗ್ಗೆ ಮಕ್ಕಳ ಫುಟ್‌ಬಾಲ್ ಮೈದಾನದಲ್ಲಿ ಚಹಾ ಕಪ್ ಹಿಡಿದು ನಿಂತಾಗ ಒಮ್ಮೊಮ್ಮೆ ಅಮೆರಿಕದ ಅಪ್ಪಂದಿರು ಸಿಗುತ್ತಾರೆ. ಒಳ್ಳೆಯ ಜನ, ಮಾತುಗಾರರು. ಎಲ್ಲಿ ಕೆಲಸ ಅಂದರೆ, "ಇಲ್ಲೇ ರಸ್ತೆ ಮೇಲೆ" ಅನ್ನುತ್ತಾರೆ. ಅಲ್ಲಿಗೆ ಮಾತು ಹವಾಮಾನದ ಕಡೆ ತಿರುಗುತ್ತದೆ. ಯಾರ್ಕ್‌ಶೈರ್‌ನಲ್ಲಿ ಹವಾಮಾನಕ್ಕೇನೂ ಬರ ಇಲ್ಲ.

ಮುಸುಕು ಹಾಕಿದ ಡಿಶ್‌ಗಳು

ಅಪ್ಪನ ತಲೆಯಲ್ಲಿ ಇದ್ದದ್ದು ಹಾಸನದ ಎಂಸಿಎಫ್. ಸಾಲಗಾಮೆ ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಗೊತ್ತು, ಇಸ್ರೋದವರು ಉಪಗ್ರಹಗಳ ಜೊತೆ ಮಾತಾಡುವ ಆ ಡಿಶ್‌ಗಳು ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ಎಲ್ಲರಿಗೂ ಕಾಣುವ ಹಾಗೆ ನಿಂತಿರುತ್ತವೆ. "ಇವರು ಯಾಕೆ ಮುಸುಕು ಹಾಕಿದಾರೆ?" ಅಂತ ಅಪ್ಪ ಕೇಳಿದರು. ಗಾಳಿ, ಮಳೆ, ಹಿಮದಿಂದ ಕಾಪಾಡೋಕೆ ಅನ್ನುವುದು ಒಂದು ಕಾರಣ. ಈ ಬಯಲಲ್ಲಿ ಬೀಸುವ ಗಾಳಿಗೆ ಅದೂ ಬೇಕೇ. ಆ ಗುಮ್ಮಟಕ್ಕೆ ರೇಡೋಮ್ ಅಂತ ಹೆಸರು. ರೇಡಿಯೋ ಅಲೆಗೆ ಅದು ಇದ್ದೂ ಇಲ್ಲದ ಹಾಗೆ, ನಮ್ಮ ಕಣ್ಣಿಗೆ ಮಾತ್ರ ಗೋಡೆ. ಎರಡನೇ ಕಾರಣ ಸ್ವಾರಸ್ಯವಾಗಿದೆ. ಟಿವಿ, ಫೋನು ಸಾಗಿಸುವ ಹಳೇ ಕಾಲದ ದೊಡ್ಡ ಉಪಗ್ರಹಗಳೆಲ್ಲ ಭೂಮಧ್ಯ ರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ತಂತಮ್ಮ ಜಾಗ ಹಿಡಿದು ನಿಂತಿರುತ್ತವೆ. ಹಾಸನದಿಂದ ನೋಡಿದರೆ ನಮ್ಮ ಉಪಗ್ರಹಗಳು ಹೆಚ್ಚುಕಮ್ಮಿ ನೆತ್ತಿ ಮೇಲೆ. ಯಾರ್ಕ್‌ಶೈರ್ ಅಷ್ಟು ಉತ್ತರದಲ್ಲಿರುವುದರಿಂದ ಇಲ್ಲಿಂದ ಅವು ದಕ್ಷಿಣಕ್ಕೆ ಬಾಗಿ ಕಾಣುತ್ತವೆ. ಎಷ್ಟೇ ಎತ್ತರ ಅಂದರೂ 28 ಡಿಗ್ರಿಯ ಆಸುಪಾಸು. ಹಾಗಾಗಿ ಒಂದು ಡಿಶ್ ಯಾವ ಕಡೆ, ಎಷ್ಟು ಮುಖ ಎತ್ತಿದೆ ಅಂತ ಗೊತ್ತಾದರೆ ಸಾಕು. ಹೈಸ್ಕೂಲು ಲೆಕ್ಕ ಬಲ್ಲ ಯಾರೇ ಆದರೂ ಅದು ಯಾವ ಉಪಗ್ರಹವನ್ನು ಕೇಳುತ್ತಿದೆ ಅಂತ ಹೇಳಿಬಿಡಬಹುದು. ಮುಸುಕು ಹಾಕಿರುವುದು ಆ ಲೆಕ್ಕಕ್ಕೆ.

ಇದು ಕೆಲಸ ಮಾಡುವ ರೀತಿ ನೋಡಿದರೆ ಕಳ್ಳತನಕ್ಕಿಂತ ಹೆಚ್ಚಾಗಿ ಉಪಗ್ರಹದ ದುಂದುಗಾರಿಕೆ ಕಾಣುತ್ತದೆ. ಉಪಗ್ರಹ ನಿಮಗೊಬ್ಬರಿಗೇ ಅಂತ ಸಿಗ್ನಲ್ ಕಳಿಸುವುದಿಲ್ಲ. ಸಾವಿರಾರು ಕಿಲೋಮೀಟರ್ ಅಗಲಕ್ಕೆ ಸುರಿಯುತ್ತದೆ. ಯೆಮೆನ್‌ನ ಸಣ್ಣ ಊರಿನ ಇಂಟರ್‌ನೆಟ್ ಕೆಫೆಗೆ ಕೇಬಲ್ ಇಲ್ಲ ಅಂದರೆ ಮಹಡಿ ಮೇಲೆ ಒಂದು ಸಣ್ಣ ಡಿಶ್ ಇರುತ್ತದೆ. ಅದಕ್ಕೆಂದು ಬಂದ ಸಿಗ್ನಲ್ ಹಿಡಿಯೋಕೆ ಯೆಮೆನ್‌ಗೆ ಹೋಗಬೇಕಾಗಿಲ್ಲ. ಆ ಸುರಿಯುವ ವ್ಯಾಪ್ತಿಯೊಳಗೆ ಎಲ್ಲೋ ಒಂದು ಕಡೆ, ಉದಾಹರಣೆಗೆ ಕುರಿಗಳ ನಡುವೆ, ದೊಡ್ಡ ಡಿಶ್ ಇಟ್ಟುಕೊಂಡರೆ ಆಯಿತು. ಇದು ಮೆನ್‌ವಿತ್‌ನ ಒಂದು ಕೆಲಸ. ಇನ್ನೊಂದು, ಅಮೆರಿಕದ ಸ್ವಂತ ಗೂಢಚಾರ ಉಪಗ್ರಹಗಳು ಮೇಲಿಂದ ಹೀರಿದ್ದನ್ನು ಇಲ್ಲಿ ಇಳಿಸಿಕೊಳ್ಳುವುದು.

ಇಷ್ಟೆಲ್ಲ ನಮಗೆ ಗೊತ್ತಾಗಿರುವುದು ಯಾರೂ ಕೂತು ಹೇಳಿದ್ದರಿಂದಲ್ಲ. ಡಂಕನ್ ಕ್ಯಾಂಪ್‌ಬೆಲ್ ಅನ್ನುವ ಪತ್ರಕರ್ತ 1980ರಿಂದಲೂ ಈ ಬೇಲಿಯ ಬಗ್ಗೆ ಬರೆಯುತ್ತಾ ಬಂದರು. 1988ರಲ್ಲಿ, ದೇಶದೇಶಗಳ ಫೋನು, ಸಂದೇಶ ಕದ್ದು ಕೇಳುವ ಎಷೆಲಾನ್ ಅನ್ನುವ ಜಾಲದ ಬಗ್ಗೆ ಬರೆದಾಗ ಜನ ನಂಬಲಿಲ್ಲ. 2001ರಲ್ಲಿ ಯುರೋಪಿಯನ್ ಪಾರ್ಲಿಮೆಂಟೇ ತನಿಖೆ ಮಾಡಿ, ಅಂಥ ಜಾಲ ಇರುವುದರಲ್ಲಿ ಅನುಮಾನ ಇಲ್ಲ ಅಂದಿತು. ಮಾರ್ಗರೆಟ್ ನ್ಯೂಷಮ್ ಅನ್ನುವ ಮಹಿಳೆ 1970ರ ದಶಕದ ಕೊನೆಯಲ್ಲಿ ಗುತ್ತಿಗೆ ಕಂಪನಿಯೊಂದರ ಕಡೆಯಿಂದ ಒಳಗೆ ಕೆಲಸ ಮಾಡಿದ್ದವರು. ಒಮ್ಮೆ ಹೆಡ್‌ಫೋನ್ ಹಾಕಿಕೊಂಡಾಗ ಅಮೆರಿಕದ್ದೇ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಮಾತಾಡುವುದು ಕೇಳಿಸಿತು ಅಂತ ಅವರು ಹೇಳಿದ್ದಾರೆ. ಸೋವಿಯತ್ ಕಡೆ ತಿರುಗಿಸಿದ್ದಾರೆ ಅಂದುಕೊಂಡಿದ್ದ ಕಿವಿಯಲ್ಲಿ ತಮ್ಮದೇ ಸೆನೆಟರ್ ದನಿ. ಆಮೇಲೆ ಬಂತು ಸ್ನೋಡೆನ್ ಕಾಗದಗಳು, ಎನ್‌ಎಸ್‌ಎ ಒಳಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಗುಟ್ಟಿನ ದಾಖಲೆಗಳು. 2008ರಲ್ಲಿ ಎನ್‌ಎಸ್‌ಎ ಮುಖ್ಯಸ್ಥ ಕೀತ್ ಅಲೆಕ್ಸಾಂಡರ್ ಇಲ್ಲಿಗೆ ಬಂದಿದ್ದಾಗ, ಎಲ್ಲ ಸಿಗ್ನಲ್‌ಗಳನ್ನೂ ಎಲ್ಲ ಹೊತ್ತೂ ಯಾಕೆ ಹಿಡಿಯೋಕಾಗಲ್ಲ, ಬೇಸಿಗೆ ರಜೆಯ ಹೋಮ್‌ವರ್ಕ್ ಥರ ಮಾಡಿ ಅಂದಿದ್ದರಂತೆ. 2016ರಲ್ಲಿ ಹೊರಬಂದ ಕಾಗದಗಳಲ್ಲಿ ಆ ಹೋಮ್‌ವರ್ಕಿನ ಅಳತೆ ಸಿಕ್ಕಿತು. 2011ರ ಮೇ ತಿಂಗಳ ಒಂದು ದಿನ, ಹನ್ನೆರಡೇ ಗಂಟೆಯಲ್ಲಿ, 33.5 ಕೋಟಿ ಮೆಟಾಡೇಟಾ ದಾಖಲೆಗಳು. ಮೆಟಾಡೇಟಾ ಅಂದರೆ ಮಾತಲ್ಲ, ಮಾತಿನ ಸುತ್ತಲಿನ ವಿವರ.

ಬಿಸಿಬೇಳೆಬಾತ್ ರೆಸಿಪಿ

ಇಲ್ಲಿನ ಕನ್ನಡದವರು ಯುಗಾದಿಗೋ ದೀಪಾವಳಿಗೋ ಸೇರಿದಾಗ ಈ ಗುಮ್ಮಟಗಳ ಮಾತು ಬರುವುದುಂಟು. ಬಂದಾಗೆಲ್ಲ ಯಾರಾದರೂ ಒಬ್ಬರು, "ಕೇಳ್ಲಿ ಬಿಡ್ರೀ, ನಮ್ಮ ಫೋನಲ್ಲಿ ಏನಿದೆ? ಅಮ್ಮನ ಮಂಡಿ ನೋವು, ಬಿಸಿಬೇಳೆಬಾತ್ ರೆಸಿಪಿ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಅಲ್ಲಿಗೆ ಸುಮ್ನಾಗುತ್ತೇವೆ. ನಮ್ಮ ಹಿಂದಿನ ತಲೆಮಾರಿನ ಡಾಕ್ಟರುಗಳು, ಎಪ್ಪತ್ತು ಎಂಬತ್ತರ ದಶಕದಲ್ಲಿ ಬಂದವರು, ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕತೆ ಹೇಳುತ್ತಾರೆ. ಆಗ ಭಾರತದ ಕರೆ ಪುಣೆ ಹತ್ತಿರದ ಆರ್ವಿಯ ಡಿಶ್‌ನಿಂದ ಹಿಂದೂ ಮಹಾಸಾಗರದ ಮೇಲಿನ ಉಪಗ್ರಹಕ್ಕೆ ಹಾರಿ, ಅಲ್ಲಿಂದ ಈ ಕಡೆ ಇಳಿಯುತ್ತಿತ್ತು. ಒಂದು ಹಲೋ ಅಂದು, ಅದು ಹೋಗಿ ಮುಟ್ಟುವವರೆಗೆ ತಡೆದು, ಇನ್ನೊಂದು ಹಲೋ. ಈಗ ನಮ್ಮ ಮಾತು ಸಮುದ್ರದಡಿಯ ಗಾಜಿನ ದಾರದಲ್ಲಿ ಬರುತ್ತದೆ, ಅದೂ ಬೀಗ ಹಾಕಿಕೊಂಡು. ವಾಟ್ಸ್ಯಾಪ್‌ನ ಮಾತನ್ನು ದಾರಿಯಲ್ಲಿ ಯಾರೂ ಓದೋಕಾಗಲ್ಲ ಅನ್ನುವುದು ಬಹುಮಟ್ಟಿಗೆ ನಿಜ. ಹಾಗಾದರೆ ಚಿಂತೆ ಏನು, ಅಲ್ವಾ?

ಚಿಂತೆ ಏನು ಅಂತ ನನಗೆ ತಿಳಿದದ್ದು ನನ್ನ ಫೋನಿನಿಂದಲೇ. ಹಳೇ ಫೋನಿಂದ ಹೊಸದಕ್ಕೆ ಎಲ್ಲ ವರ್ಗಾಯಿಸುತ್ತಿದ್ದೆ. ಕರೆಗಳ ಪಟ್ಟಿ ಮೇಲೆ ಬೆರಳಾಡಿಸುತ್ತಾ ಒಂದು ವಾರದ ಹತ್ತಿರ ಬಂದು ನಿಂತೆ. ಅದರಲ್ಲಿ ಮಾತಿಲ್ಲ. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಅಷ್ಟೇ. ಬೆಳಗಿನ ಜಾವ ತಮ್ಮನಿಂದ ಒಂದು ಕರೆ, ಒಂದು ನಿಮಿಷವೂ ಇಲ್ಲ. ತಕ್ಷಣ ನನ್ನಿಂದ ಅವನಿಗೆ ಉದ್ದದ ಕರೆ. ಆಮೇಲೆ ಹಾಸನದ ಒಂದು ಲ್ಯಾಂಡ್‌ಲೈನ್, ಆಸ್ಪತ್ರೆಯದ್ದು. ಮತ್ತೆ ಅದೇ ನಂಬರ್. ಮತ್ತೆ ಅದೇ. ಬೆಂಗಳೂರಲ್ಲಿರುವ, ನನ್ನ ಜೊತೆ ಓದಿದ ಹೃದಯದ ಡಾಕ್ಟರ್‌ಗೆ ಒಂದು. ಬೆಳಗಾದ ಮೇಲೆ ಇಲ್ಲಿನ ವಾರ್ಡಿಗೆ ಒಂದು, ಟ್ರಾವೆಲ್ ಏಜೆಂಟ್‌ಗೆ ಎರಡು ಮೂರು, ಬ್ಯಾಂಕಿಗೆ ಒಂದು. ಆಮೇಲೆ ಮುಕ್ಕಾಲು ದಿನ ಏನೂ ಇಲ್ಲ. ಅದಾದ ಮೇಲೆ ಎಲ್ಲ ಕರೆಗಳೂ ಹಾಸನದಿಂದಲೇ. ಟ್ಯಾಕ್ಸಿ. ಆಸ್ಪತ್ರೆ ಇಲ್ಲ ಈಗ. ಪುರೋಹಿತರು. ಅಡುಗೆಯವರು. ಶಾಮಿಯಾನದವರು. ಹನ್ನೊಂದು, ಹನ್ನೆರಡನೇ ದಿನದ ಹತ್ತಿರ ಹತ್ತಿರ ನೆಂಟರ ನಂಬರ್‌ಗಳು ಸಾಲಾಗಿ.

ಒಂದು ಪದ ಕೇಳಿಸಿಕೊಳ್ಳದೆ ಆ ವಾರದಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅಂತ ಯಾರು ಬೇಕಾದರೂ ಹೇಳಬಹುದು. ಆ ದಿನ ಅಮ್ಮನಿಗೆ ನಾನು ಯಾವ ಹೊತ್ತಿನವರೆಗೂ ಫೋನ್ ಮಾಡಲಿಲ್ಲ ಅನ್ನುವುದನ್ನೂ. ಆ ವಾರ ನಾವು ಮಾತಾಡಿದ್ದನ್ನು ಕದ್ದು ಕೇಳಿದ್ದಿದ್ದರೆ ಬಹುಶಃ ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ. ನಾವು ಮಾತಾಡಿದ್ದೆಲ್ಲ ಅರ್ಧರ್ಧ ವಾಕ್ಯ. ಆ 33.5 ಕೋಟಿ ದಾಖಲೆಗಳು ಈ ಥರದವು. ನನ್ನ ಪಟ್ಟಿ ಅಲ್ಲಿತ್ತು ಅಂತ ನಾನು ಹೇಳುತ್ತಿಲ್ಲ, ಹಾಗಂದುಕೊಳ್ಳೋಕೆ ಕಾರಣವೂ ಇಲ್ಲ. ಆದರೆ ಅಂಥ ಪಟ್ಟಿಯಿಂದ ಏನು ಓದಬಹುದು ಅಂತ ಒಮ್ಮೆ ಕಂಡ ಮೇಲೆ ರೆಸಿಪಿ ಜೋಕಿಗೆ ಮೊದಲಿನಷ್ಟು ನಗು ಬರುವುದಿಲ್ಲ. ಅದೇ ಕಾಗದಗಳಲ್ಲಿ ಘೋಸ್ಟ್‌ಹಂಟರ್ ಅನ್ನುವ ವ್ಯವಸ್ಥೆಯ ಮಾತಿದೆ. ಉಪಗ್ರಹದ ಮೂಲಕ ಇಂಟರ್‌ನೆಟ್‌ಗೆ ಬರುವ ಮನುಷ್ಯ ಯಾವ ಊರಿನ ಯಾವ ಕೆಫೆಯಲ್ಲಿ ಕೂತಿದ್ದಾನೆ ಅಂತ ಹುಡುಕುವುದು ಅದರ ಕೆಲಸ. ಹಾಗೆ ಹುಡುಕಿ, ಹಿಡಿಯುವ ಅಥವಾ ಕೊಲ್ಲುವ ಬಹಳಷ್ಟು ಕಾರ್ಯಾಚರಣೆಗೆ ನೆರವಾಗಿದೆ ಅಂತ ಅವರೇ ಬರೆದುಕೊಂಡಿದ್ದಾರೆ. ಅಲ್ಲಿ ಕೂತವನ ಫೋನಲ್ಲೂ ರೆಸಿಪಿ ಇದ್ದಿರಬಹುದು, ಬಾಂಬೂ ಇದ್ದಿರಬಹುದು. ಯಾವುದು ಅಂತ ನಿರ್ಧಾರ ಮಾಡಿದವರು ಯಾರು, ತಪ್ಪಾದರೆ ಯಾರನ್ನು ಕೇಳಬೇಕು? ಅಪ್ಪನ ಮೀಟರ್ ಪ್ರಶ್ನೆ.

ಮಂಗಳವಾರ ಸಂಜೆ

ವೀಸಾ ಮೇಲಿದ್ದ ವರ್ಷಗಳಲ್ಲಿ ಅಲ್ಲಿ ಕಾರು ನಿಲ್ಲಿಸುವ ಯೋಚನೆಯನ್ನೇ ನಾನು ಮಾಡಿದವನಲ್ಲ. ಕಂದು ಬಣ್ಣದ ಮನುಷ್ಯ, ಮಿಲಿಟರಿ ಬೇಲಿ, ಕೈಯಲ್ಲಿ ಫೋನು. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗೇಟಿನ ಮುಂದೆ ಮಂಗಳವಾರ ಸಂಜೆ ನಾಲ್ಕಾರು ವಯಸ್ಸಾದವರು ಬ್ಯಾನರ್ ಹಿಡಿದು ನಿಲ್ಲುವುದನ್ನು ಹೋಗ್ತಾ ಬರ್ತಾ ನೋಡುತ್ತಿದ್ದೆ. ಮಳೆಯಲ್ಲೂ, ಐದು ಗಂಟೆಗೇ ಕತ್ತಲಾಗುವ ಡಿಸೆಂಬರಿನಲ್ಲೂ. ಇವರ ಹಿಂದೆ ಉದ್ದದ ಚರಿತ್ರೆಯೇ ಇದೆ. ನರ್ಸ್ ಆಗಿದ್ದ ಲಿಂಡಿಸ್ ಪರ್ಸಿ ಮತ್ತು ಆನಿ ರೇನ್‌ಬೋ 1992ರಲ್ಲಿ ಕಟ್ಟಿದ ಸಂಘಟನೆ, ಅಮೆರಿಕದ ನೆಲೆಗಳು ಯಾರಿಗೆ ಲೆಕ್ಕ ಕೊಡುತ್ತವೆ ಅಂತ ಕೇಳುವುದನ್ನೇ ಹೆಸರಾಗಿ ಇಟ್ಟುಕೊಂಡಿತ್ತು. ಬೇರೊಂದು ನೆಲೆಯ ಮುಂದೆ ಅಮೆರಿಕದ ಧ್ವಜದ ಮೇಲೆ ನಿಂತದ್ದಕ್ಕೆ ಲಿಂಡಿಸ್‌ಗೆ ಶಿಕ್ಷೆಯಾಯಿತು. 2001ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪ್ರತಿಭಟನೆಯೂ ಮಾತೇ ಅಂದಿತು. 2006ರ ಏಪ್ರಿಲ್ 1ರಿಂದ ಇಂಥ ನೆಲೆಗಳ ಗೆರೆ ದಾಟುವುದೇ ಅಪರಾಧ ಅನ್ನುವ ಕಾನೂನು ಜಾರಿಗೆ ಬಂದಾಗ, ಹೆಲೆನ್ ಜಾನ್ ಮತ್ತು ಸಿಲ್ವಿಯಾ ಬಾಯ್ಸ್ ಅನ್ನುವ, ಅರವತ್ತು ದಾಟಿದ ಇಬ್ಬರು ಬೇಕಂತಲೇ ಮೆನ್‌ವಿತ್‌ನ ಗೆರೆ ದಾಟಿ ಕೆಲವೇ ಹೆಜ್ಜೆ ನಡೆದು ಅರೆಸ್ಟ್ ಆದರು.

ಅಪ್ಪ ಹೋದ ಮೇಲೆ ಒಂದು ಸಂಜೆ ಕಾರು ನಿಲ್ಲಿಸಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಒಬ್ಬ ಅಜ್ಜಿ ನನ್ನ ಕೈಗೆ ಹಾಳೆ ಕೊಟ್ಟು, ಬ್ಯಾನರಿನ ಒಂದು ತುದಿ ಹಿಡಿದುಕೊಳ್ತೀರಾ, ನನ್ನ ಗ್ಲೌಸ್ ಹಾಕಿಕೊಳ್ಳಬೇಕು ಅಂದರು. ಹಿಡಿದುಕೊಂಡೆ. ಗಾಳಿಗೆ ಆ ಕೋಲು ನನ್ನ ಕೈಯಿಂದ ಕಿತ್ತುಕೊಂಡು ಹೋಗುವ ಹಾಗಿತ್ತು. ಪಾಳಿ ಮುಗಿಸಿ ಹೊರಬರುತ್ತಿದ್ದ ಕಾರುಗಳು ಒಂದೊಂದಾಗಿ ನಮ್ಮ ಪಕ್ಕ ಹಾದುಹೋದವು. ಕೆಲವರು ಕೈ ಬೀಸಿದರು. ಅಜ್ಜಿಯೂ ಬೀಸಿದರು, ಅವರಲ್ಲಿ ಕೆಲವರ ಮುಖ ಪರಿಚಯ ಇತ್ತು. ಗೇಟಿನ ಪೊಲೀಸ್ ಬಂದು ಟ್ರಾಫಿಕ್ ಕಡೆ ಹುಷಾರು ಅಂದು ಹೋದರು. ಒಳಗೆ ಏನು ನಡೆಯುತ್ತೆ ಅಂತ ನಿಮಗೆ ತಿಳಿಯಬೇಕಾ ಅಂತ ಆ ಅಜ್ಜಿಯನ್ನು ಕೇಳಿದೆ. ಅವರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಗುಟ್ಟು ಇರಲಿ, ದೇಶ ಅಂದಮೇಲೆ ಇರಬೇಕು, ಆದರೆ ನಾನು ಆರಿಸಿ ಕಳಿಸಿದ ಎಂಪಿಗಾದರೂ ಗೊತ್ತಿರಬೇಕು, ಅಂದರು.

ಬ್ರ್ಯಾಡ್‌ಫರ್ಡ್ ಸೌತ್‌ನ ಎಂಪಿ ಬಾಬ್ ಕ್ರೈಯರ್ ಕೇಳಿದ್ದೂ ಇದನ್ನೇ, 1994ರ ಮಾರ್ಚ್‌ನಲ್ಲಿ, ಪಾರ್ಲಿಮೆಂಟಿನಲ್ಲಿ ನಿಂತು. ಮುಂದಿನ ತಿಂಗಳೇ ಎಂ1 ರಸ್ತೆಯ ಅಪಘಾತದಲ್ಲಿ ಅವರು ತೀರಿಕೊಂಡರು. (ಇದಕ್ಕೆ ಕತೆ ಕಟ್ಟುವವರೂ ಇದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಎಂ1ನಲ್ಲಿ ಓಡಿಸಿದವರಿಗೆ ಅಪಘಾತಕ್ಕೆ ಬೇರೆ ಕಾರಣ ಬೇಕಿಲ್ಲ.) ಅಲ್ಲಿಂದ ಇಲ್ಲಿವರೆಗೆ ಸರ್ಕಾರದ ಉತ್ತರ ಹೆಚ್ಚು ಬದಲಾಗಿಲ್ಲ. ಎಷ್ಟು ಜನ ಕೆಲಸಕ್ಕಿದ್ದಾರೆ ಅಂದರೆ ಅಂಕಿ ಕೊಡುತ್ತಾರೆ. ಏನು ಮಾಡುತ್ತಾರೆ ಅಂದರೆ, ಎಲ್ಲ ನಮಗೆ ಗೊತ್ತಿದ್ದೇ, ನಮ್ಮ ಒಪ್ಪಿಗೆಯಿಂದಲೇ ನಡೆಯುತ್ತಿದೆ, ಇದಕ್ಕಿಂತ ಹೆಚ್ಚು ಹೇಳುವ ಪದ್ಧತಿ ಇಲ್ಲ. 2007ರಲ್ಲಿ ಅಮೆರಿಕದ ಕ್ಷಿಪಣಿ ರಕ್ಷಣೆಗೂ ಇದೇ ನೆಲೆ ಬಳಕೆಯಾಗುತ್ತೆ ಅಂತ ಒಪ್ಪಿಕೊಂಡಾಗಲೂ, ಅದನ್ನು ತಿಳಿಸಿದ್ದು ಬೇಸಿಗೆ ರಜೆಗೆ ಪಾರ್ಲಿಮೆಂಟ್ ಬಾಗಿಲು ಹಾಕುವ ಹೊತ್ತಿಗೆ, ಒಂದು ಲಿಖಿತ ಹೇಳಿಕೆಯಲ್ಲಿ.

ಮೀಟರ್ ಇನ್ನೊಬ್ಬರ ಹೆಸರಲ್ಲಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಗೂಢಚರ್ಯೆಯ ಉದಾಹರಣೆಯೇ ಬೇಕಾಗಿಲ್ಲ. ಇದೇ ಥರ ಆರ್‌ಎಎಫ್ ಬೋರ್ಡು ಹಾಕಿಕೊಂಡ, ಅಮೆರಿಕದವರು ನಡೆಸುವ ಇನ್ನೊಂದು ಜಾಗ ನಾರ್ಥಾಂಪ್ಟನ್‌ಶೈರ್‌ನ ಕ್ರೌಟನ್. 2019ರ ಆಗಸ್ಟ್‌ನಲ್ಲಿ ಅದರ ಹೊರಗಿನ ರಸ್ತೆಯಲ್ಲಿ ಹ್ಯಾರಿ ಡನ್ ಅನ್ನುವ ಹತ್ತೊಂಬತ್ತು ವರ್ಷದ ಹುಡುಗನ ಬೈಕಿಗೆ, ರಸ್ತೆಯ ತಪ್ಪು ಬದಿಯಲ್ಲಿ ಬರುತ್ತಿದ್ದ ಕಾರೊಂದು ಗುದ್ದಿತು. ಹುಡುಗ ಸತ್ತ. ಓಡಿಸುತ್ತಿದ್ದ ಆನ್ ಸಕೂಲಸ್, ನೆಲೆಯ ಅಮೆರಿಕನ್ ಉದ್ಯೋಗಿಯೊಬ್ಬರ ಹೆಂಡತಿ. ರಾಜತಾಂತ್ರಿಕ ರಕ್ಷಣೆ ಇದೆ ಅಂತ ಅಮೆರಿಕಕ್ಕೆ ವಾಪಸ್ ಹೋದರು. ಆ ರಕ್ಷಣೆ ಯಾವ ಹಳೇ ಒಪ್ಪಂದದಲ್ಲಿ ಯಾರಿಗೆ ಎಷ್ಟು ಇದೆ ಅಂತ ಬಿಡಿಸಲು ಆ ತಂದೆತಾಯಿ ವರ್ಷಗಟ್ಟಲೆ ಅಲೆದರು. 2022ರ ಡಿಸೆಂಬರ್‌ನಲ್ಲಿ ಶಿಕ್ಷೆ ಆಯಿತು. ಎಂಟು ತಿಂಗಳು, ಅದೂ ಅಮಾನತಿನಲ್ಲಿ, ಅಂದರೆ ಜೈಲಿಗೆ ಹೋಗದೆ. ಆಕೆ ಕೋರ್ಟಿಗೆ ಹಾಜರಾದದ್ದು ವಿಡಿಯೋದಲ್ಲಿ, ಅಮೆರಿಕದಿಂದ.

ಬಾಗಿಲಿಗೆ ಬಂದವರು

ನನ್ನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಆದರೂ ಕಾಮನ್‌ವೆಲ್ತ್ ದೇಶದವರು ಅನ್ನುವ ಲೆಕ್ಕದಲ್ಲಿ, ಇಲ್ಲಿ ನೆಲೆಸಿದ ಭಾರತೀಯರಿಗೆ ಬ್ರಿಟಿಷ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ನಮ್ಮವರಲ್ಲೇ ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಹ್ಯಾರೊಗೇಟ್‌ನಲ್ಲಿ ಮನೆ ಮಾಡಿಕೊಂಡಿರುವ ಅಮೆರಿಕನ್ನರಿಗೆ ಆ ಹಕ್ಕಿಲ್ಲ. ಸಾಮ್ರಾಜ್ಯದ ಹಳೇ ಪಳೆಯುಳಿಕೆ ಒಂದು ನನ್ನ ಕೈಗೆ ಚೀಟಿ ಕೊಟ್ಟಿದೆ, ಹೊಸದೊಂದು ಪಕ್ಕದ ದಿಬ್ಬದ ಮೇಲೆ ಡಿಶ್ ಇಟ್ಟಿದೆ. ನೋಡಿದರೆ ಆ ಬೇಲಿ ಬಗ್ಗೆ ಅದರೊಳಗಿನ ಹೆಚ್ಚಿನವರಿಗಿಂತ ನನಗೇ ಇಲ್ಲಿ ಕೇಳುವ ಹಕ್ಕು ಜಾಸ್ತಿ. ಮಾತಿಗೆ ಇದು ಚೆನ್ನಾಗಿದೆ.

2024ರ ಚುನಾವಣೆಗೆ ಮೊದಲು ಒಂದು ಪಕ್ಷದ ಕಡೆಯಿಂದ ಯುವಕನೊಬ್ಬ ಬಾಗಿಲು ತಟ್ಟಿದ. ಮಳೆಯಲ್ಲಿ ನೆನೆದಿದ್ದ. ಮನೆಯವರು ಒಳಗೆ ಬಾ ಅಂದು ಚಹಾ ಕೊಟ್ಟರು. ನಮ್ಮ ಮತ ಎಲ್ಲಿ ಅಂತ ಕೇಳಿದ, ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಬಗ್ಗೆ ಹೇಳಿದ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಅದನ್ನು ಹೇಳುವ ಧೈರ್ಯ ನನಗೆ ಇಷ್ಟವಾಯಿತು. ಮೆನ್‌ವಿತ್ ಹಿಲ್‌ನಲ್ಲಿ ಏನು ನಡೆಯುತ್ತೆ ಅಂತ ನಿಮ್ಮ ಅಭ್ಯರ್ಥಿ ಗೆದ್ದರೆ ಪಾರ್ಲಿಮೆಂಟಿನಲ್ಲಿ ಕೇಳ್ತಾರಾ ಅಂದೆ. ಅವನು ಸ್ವಲ್ಪ ತಡೆದ. ಅದು ರಾಷ್ಟ್ರೀಯ ಭದ್ರತೆಯ ವಿಷಯ, ಸ್ಥಳೀಯ ವಿಷಯ ಅಲ್ಲ ಅಂದ. ನಮ್ಮ ಮನೆಯಿಂದ ಕಾರಲ್ಲಿ ಹದಿನೈದು ನಿಮಿಷ ಅಂದೆ. ಹೌದು, ನನಗೂ ಗೊತ್ತು, ಚಿಕ್ಕವನಿದ್ದಾಗ ಅಲ್ಲೇ ಪಕ್ಕದ ಊರಲ್ಲಿ ಸೈಕಲ್ ಹೊಡೀತಿದ್ದೆ, ಅಂದ. ಒಳಗೆ ಏನಿದೆ ಅಂತ ಯಾವತ್ತಾದರೂ ಅನ್ನಿಸಿತ್ತಾ ಅಂದರೆ, ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡ್ತಿರಲಿಲ್ಲ, ಚಿಕ್ಕಮ್ಮ ಅಲ್ಲಿ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು, ಅಂದ. ಆಮೇಲೆ ಚಹಾ ಮುಗಿಸಿ, ತನ್ನ ಹಾಳೆ ತಿರುಗಿಸಿ, ರಸ್ತೆ ಗುಂಡಿಗಳ ಬಗ್ಗೆ ಏನಾದರೂ ಹೇಳೋದಿದೆಯಾ ಅಂತ ಕೇಳಿದ.

ಇತ್ತು. ಹೇಳಿದೆ. ಅದನ್ನು ಮಾತ್ರ ಬರೆದುಕೊಂಡ.